ಕ್ಲೈಮ್ಯಾಕ್ಸಿಗೆ ಬಿಟ್ಟ ಹೂವು

ಗುಂಡ್ಲುಪೇಟೆ
2 ಜುಲೈ 2025

ಭಾಗ್ಯ ಮೇಡಂ ಅವರಿಗೆ,

ನಮಸ್ಕಾರ. ನೀವು ನನ್ನನ್ನು ನೋಡಿಲ್ಲ, ನಾನೂ ನಿಮ್ಮನ್ನು ನೋಡಿಲ್ಲ. ಆದರೂ ನಿಮ್ಮ ವಿಷಯ ನನಗೆ ನನ್ನ ಅಡುಗೆಮನೆಯಷ್ಟೇ ಗೊತ್ತು. ನಾನು ಶಿವಸ್ವಾಮಿಯವರ ಹೆಂಡತಿ, ಕುಮಾರಿ. ಈ ಸಾಲು ಓದಿದ ಮೇಲೂ ಕಾಗದ ಹರಿದುಹಾಕದಿದ್ದರೆ ದಯವಿಟ್ಟು ಮುಂದೆ ಓದಿ.

ಹರವೆಯ ನನ್ನ ಅಕ್ಕನ ಮಗಳು ನಿಮ್ಮ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಕನ್ನಡದ ಭಾಗ್ಯ ಮೇಡಂ ಹಾಜರಿ ಕರೆಯುವಾಗಲೂ ಪ್ರಾಸ ಸೇರಿಸುತ್ತಾರೆ ಎಂದು ನಗುತ್ತಾ ಹೇಳಿದಳು. ಅವರ ಅತ್ತೆಯ ಊರು ಉಡಿಗಾಲವಂತೆ ಎಂದಳು. ಭಾಗ್ಯ, ಪ್ರಾಸ, ಉಡಿಗಾಲ ಮೂರೂ ಒಂದೇ ಕಡೆ ಸಿಕ್ಕಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ಇವರ ಸಿನಿಮಾದ ನಾಯಕಿಗೂ ಇವೇ ಮೂರು.

ಹೌದು, ಸಿನಿಮಾ. ನಮ್ಮ ಯಜಮಾನರು ಸಿನಿಮಾ ಮಾಡುತ್ತಿದ್ದಾರೆ. ಈರುಳ್ಳಿ ಮಂಡಿ ಇಟ್ಟುಕೊಂಡವರಿಗೆ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು; ಊರೆಲ್ಲ ಕೇಳಿ ಸುಮ್ಮನಾಗಿದೆ. ಹೆಸರು ‘ಕೆಂಡದ ಕಾವಲು’. ಕಥೆ, ಮಾತು, ನಿರ್ದೇಶನ ಎಲ್ಲ ಇವರದೇ. ಕ್ಯಾಮೆರಾ ಹಿಡಿಯುವವನು ನನ್ನ ಮೈದುನನ ಮಗ ಶಂಕರ್, ಮದುವೆ ವಿಡಿಯೊ ತೆಗೆಯುವವನು. ನಾಯಕ ನಾಯಕಿ ಮೈಸೂರಿನ ನಾಟಕದ ಮಕ್ಕಳು. ಕಥೆಯಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ, ಒಬ್ಬರನ್ನೊಬ್ಬರು ಉಸಿರಾಡಲು ಬಿಡದಷ್ಟು ಪ್ರೀತಿಸುತ್ತಾರೆ. ಕೊನೆಗೆ ಕೇರಳದ ಬತ್ತೇರಿಗೆ ಬಸ್ಸು ಹತ್ತಿ ಹೋಗಿ ಮದುವೆಯಾಗುವುದೆಂದು ನಿಶ್ಚಯವಾಗುತ್ತದೆ. ಅವನು ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಾನೆ. ಅವಳು ಬರುವುದಿಲ್ಲ.

ಸಿನಿಮಾ ಅಲ್ಲಿಗೆ ನಿಂತಿದೆ. ಅವಳು ಯಾಕೆ ಬರಲಿಲ್ಲ ಎಂಬುದು ಇವರಿಗೆ ಹೊಳೆಯುತ್ತಿಲ್ಲ. ಒಂದು ಬರೆಯುತ್ತಾರೆ, ತೆಗೆಯುತ್ತಾರೆ, ಸರಿಯಿಲ್ಲ ಅನ್ನುತ್ತಾರೆ, ಇನ್ನೊಂದು ಬರೆಯುತ್ತಾರೆ. ಮಂಡಿಗೆ ಹೋಗುವುದು ಕಡಿಮೆಯಾಗಿದೆ. ಊಟಕ್ಕೆ ಕೂತರೆ ತಟ್ಟೆಯಲ್ಲಿ ಬೆರಳಾಡಿಸುತ್ತಾ ಬೇರೆಲ್ಲೋ ಇರುತ್ತಾರೆ.

ನಮ್ಮ ಮನೆಯ ಹಿಂದೆ ನಮ್ಮವ್ವ ಮಲ್ಲಾಜಮ್ಮ ನನಗೆ ಕೊಟ್ಟ ಹೊಲವಿದೆ. ಅದರಲ್ಲಿ ಚೆಂಡುಹೂವು ಹಾಕಿದ್ದೇನೆ, ಓಣಂ ಹಬ್ಬಕ್ಕೆ ಕೇರಳಕ್ಕೆ ಹೋಗುವ ಹೂವು. ಕ್ಲೈಮ್ಯಾಕ್ಸ್ ಆ ಹೊಲದಲ್ಲೇ ಆಗಬೇಕು, ಹೂವು ತುಂಬಿ ನಿಂತಾಗಲೇ ಆಗಬೇಕು ಎಂದು ಇವರ ಹಟ. ಅದು ಮುಗಿಯುವವರೆಗೆ ಒಂದು ಹೂವನ್ನೂ ಕೀಳುವ ಹಾಗಿಲ್ಲವಂತೆ.

ಮೇಡಂ, ನೀವು ಆ ದಿನ ಯಾಕೆ ಬರಲಿಲ್ಲ? ಹೇಳಿದರೆ ಇವರು ಸಿನಿಮಾ ಮುಗಿಸಿ ಮನೆಗೆ ಬರುತ್ತಾರೆ. ನನಗೆ ಬೇಕಾದದ್ದು ಅಷ್ಟೇ.

ಫೋನ್ ನಂಬರ್ ಕೊಡಬೇಡಿ. ನನಗೆ ಗೊತ್ತಾದದ್ದು ನನ್ನ ಫೋನಿಗೆ ಗೊತ್ತಾಗುತ್ತದೆ, ಫೋನಿಗೆ ಗೊತ್ತಾದದ್ದು ಇವರಿಗೆ. ಉತ್ತರವನ್ನು ಅಕ್ಕನ ಮಗಳ ಕೈಯಲ್ಲಿ ಕೊಟ್ಟರೆ ಸಾಕು.

ನಿಮ್ಮ ಉತ್ತರ ಕಾಯುವ,
ಕುಮಾರಿ


ಚಾಮರಾಜನಗರ
13 ಜುಲೈ 2025

ಕುಮಾರಿಯವರಿಗೆ,

ಕಾಗದ ಹರಿದುಹಾಕಲಿಲ್ಲ. ಹರಿಯಲು ಹೋದೆ, ಎದುರಿಗೆ ಹೆಡ್‌ಮಾಸ್ಟರು ಕೂತಿದ್ದರು. ಶಾಲೆಯ ವಿಳಾಸಕ್ಕೆ ಟೀಚರ ಹೆಸರಿನಲ್ಲಿ ಕಾಗದ ಬಂದರೆ ನಮ್ಮಲ್ಲಿ ಒಂದೋ ವರ್ಗಾವಣೆ, ಇಲ್ಲವೇ ದೂರು. ಸೋದರತ್ತೆ ಮಗಳದು ಎಂದು ಹೇಳಿ ಚೀಲಕ್ಕೆ ಹಾಕಿಕೊಂಡೆ.

ಇಪ್ಪತ್ತೆರಡು ವರ್ಷದ ಹಿಂದೆ ತಪ್ಪಿಸಿಕೊಂಡ ಬಸ್ಸಿಗೆ ಈಗ ಕಾರಣ ಕೇಳಿ ನೋಟೀಸು ಬಂದಂತಾಯಿತು. ಕಾರಣ ಕೊಡುವ ಉತ್ಸಾಹ ನನಗಿಲ್ಲ. ನಿಮ್ಮ ಯಜಮಾನರಿಗೆ ಯಾವ ಅಂತ್ಯ ಬೇಕೋ ಹಾಕಿಕೊಳ್ಳಲಿ. ಬಸ್ಸು ಕೆಟ್ಟಿತು ಅನ್ನಲಿ. ಆಗಿನ ಬಸ್ಸುಗಳಿಗೆ ಕೆಡುವುದು ಕಷ್ಟದ ಕೆಲಸವಾಗಿರಲಿಲ್ಲ. ಅಣ್ಣಂದಿರು ಕೂಡಿಹಾಕಿದರು ಅನ್ನಲಿ. ನನಗೆ ಅಣ್ಣಂದಿರಿಲ್ಲ, ಆದರೆ ಸಿನಿಮಾದಲ್ಲಿ ಬಾಡಿಗೆಗೆ ಸಿಗುತ್ತಾರೆ.

ನನ್ನದೂ ಒಂದು ಕೋರಿಕೆ ಇದೆ. ನಾಯಕಿಯ ಹೆಸರು ಬದಲಿಸಲು ಹೇಳಿ. ಪ್ರಾಸ ಕಟ್ಟುವ ಭಾಗ್ಯ ಉಡಿಗಾಲದ ಕಡೆಯವಳು ಎಂದು ಪರದೆಯ ಮೇಲೆ ಬಂದರೆ ನನ್ನ ಎಸ್ಸೆಸ್ಸೆಲ್ಸಿ ಹುಡುಗರು ಮಧ್ಯಂತರಕ್ಕೆ ಮುಂಚೆಯೇ ಕಂಡುಹಿಡಿಯುತ್ತಾರೆ. ಅವರು ನಿಧಾನವಾಗುವುದು ವ್ಯಾಕರಣದಲ್ಲಿ ಮಾತ್ರ. ನಾನು ಇನ್ನೂ ಹದಿನೈದು ವರ್ಷ ಆ ಬೋರ್ಡಿನ ಮುಂದೆ ನಿಲ್ಲಬೇಕು.

ನಿಮ್ಮ ಮೇಲೆ ನನಗೆ ಕೋಪವಿಲ್ಲ. ಕೋಪಕ್ಕೂ ಶಕ್ತಿ ಬೇಕು, ಈ ವಾರ ಘಟಕ ಪರೀಕ್ಷೆಯ ಮೌಲ್ಯಮಾಪನವಿದೆ. ಹಾಜರಿಯಲ್ಲಿ ಪ್ರಾಸ ಸೇರಿಸುವುದು ನಿಜ. ಅದೊಂದು ಕಾಯಿಲೆ, ಬಿಪಿ ಮಾತ್ರೆಗೆ ಬಗ್ಗಿಲ್ಲ.

ಹಳೆಯದು ಹಳಸಿದೆ, ಬಿಟ್ಟುಬಿಡಿ;
ಹೂವು ಅರಳಿದರೆ ಕೀಳಿಸಿಬಿಡಿ.

ಭಾಗ್ಯ


ಗುಂಡ್ಲುಪೇಟೆ
22 ಜುಲೈ 2025

ಮೇಡಂ,

ನಾಯಕಿಯ ಹೆಸರು ಬದಲಿಸಲು ಹೇಳಿದೆ. ನಿಮ್ಮ ವಿಷಯ ಎತ್ತದೆ, ‘ಹಳೇ ಹೆಸರಾಯ್ತು, ಹೊಸದಿಡಿ’ ಎಂದಷ್ಟೇ ಹೇಳಿದೆ. ಇವರು, ‘ಬೇರೆ ಹೆಸರು ಕೂಗಿದ್ರೆ ಹೀರೋ ಬಾಯಿಂದ ಸುಳ್ಳು ಬಂದಂಗೆ ಕಾಣ್ತದೆ’ ಎಂದರು.

ನಿಮಗೆ ಇನ್ನೊಂದು ವಿಷಯ ಗೊತ್ತಿಲ್ಲ. ನಮ್ಮ ಮಗಳ ಹೆಸರೂ ಅದೇ. ಭಾಗ್ಯಶ್ರೀ. ನಾಮಕರಣದ ದಿನ ಇವರೇ ಕಿವಿಯಲ್ಲಿ ಹೇಳಿದ್ದು. ಮನೆಗೆ ಭಾಗ್ಯ ಬರಲಿ ಎಂದು ಇಟ್ಟರು ಅಂದುಕೊಂಡಿದ್ದೆ. ಹೋದ ವರ್ಷ ಸಿನಿಮಾದ ಕಥೆಯನ್ನು ನಡುಮನೆಯಲ್ಲಿ ಜೋರಾಗಿ ಓದಿದಾಗ ನನಗೆ ತಿಳಿಯಿತು. ಹದಿನೈದು ವರ್ಷ ನಾನೇ ನಿಮ್ಮ ಹೆಸರನ್ನು ಊಟಕ್ಕೆ ಕರೆದಿದ್ದೇನೆ, ತಲೆ ಬಾಚಿದ್ದೇನೆ, ಜ್ವರ ಬಂದರೆ ಪಕ್ಕದಲ್ಲಿ ಕೂತಿದ್ದೇನೆ.

ಹೋದ ವಾರ ಮೂರು ಕ್ಲೈಮ್ಯಾಕ್ಸ್ ತೆಗೆದರು. ಮೊದಲನೆಯದರಲ್ಲಿ ಮಾವ ಕೂಡಿಹಾಕುತ್ತಾನೆ. ಎರಡನೆಯದರಲ್ಲಿ ಕೆರೆಗೆ ಬೀಳುತ್ತಾಳೆ. ಕೆರೆಯಲ್ಲಿ ನೀರು ಮೊಣಕಾಲಿಗಿತ್ತು, ಅದು ಕೈಬಿಟ್ಟುಹೋಯಿತು. ಮೂರನೆಯದು ನನ್ನ ಹೊಲದಲ್ಲಿ. ಹುಡುಗಿ ವಿಷ ಕುಡಿದು, ಮದುವೆ ಸೀರೆ ಉಟ್ಟು, ಗಿಡಗಳ ಮಧ್ಯೆ ಓಡಿಬಂದು ಬೀಳುತ್ತಾಳೆ. ಈಗಿನ್ನೂ ಮೊಗ್ಗು, ಹೂವು ಬಂದ ಮೇಲೆ ಮತ್ತೆ ತೆಗೆಯುತ್ತಾರಂತೆ. ಇದು ಅಭ್ಯಾಸ.

ಪಕ್ಕದ ಹೊಲದ ಪುಟ್ಟಬಸಪ್ಪಣ್ಣ ಬದುವಿನ ಮೇಲೆ ಕುಕ್ಕುರುಗಾಲಲ್ಲಿ ಕೂತು ನೋಡುತ್ತಿದ್ದರು. ನನಗೆ ಹೊಲದ ಕೆಲಸ ಕಲಿಸಿದವರೇ ಅವರು.

‘ಕುಮಾರವ್ವ, ಈ ಎಣ್ಣು ಬೆಳಿಗ್ಗಿಂದ ಸಾಯ್ತಾನೇ ಅದೆ. ಇನ್ನೂ ಏಸ್ ಸತಿ ಸಾಯ್ಬೇಕಂತೆ?’

ಶಂಕರ್ ಹೇಳಿದ, ‘ತಾತ, ಅದು ರೀಟೇಕು.’

‘ಟೇಕೋ ಗೀಕೋ, ಮೊಗ್ಗ್ ತುಳೀತಾವ್ಳೆ ಕಣ್ಲಾ. ಒಸಿ ಬದುವಿನ್ ಮ್ಯಾಲೆ ಸಾಯಕ್ಕೇಳು.’

ಶಂಕರನಿಗೆ ಮದುವೆಯ ಅಭ್ಯಾಸ. ಹುಡುಗಿ ಬಿದ್ದ ತಕ್ಷಣ ಅವಳ ಬಳೆ, ಜುಮುಕಿ, ಮೆಹಂದಿ ಎಲ್ಲವನ್ನೂ ಹತ್ತಿರ ಹೋಗಿ ಹೋಗಿ ತೆಗೆಯುತ್ತಿದ್ದ. ಇವರಿಗೆ ತಡೆಯಲಾಗಲಿಲ್ಲ. ‘ಸಾಯ್ತಾವ್ಳೆ ಕಣ್ಲಾ ಅವ್ಳು, ರಿಸೆಪ್ಷನ್‌ಗೆ ನಿಂತಿಲ್ಲ.’

ಕಾಫಿ ಕೊಡಲು ಹೋದಾಗ ಆ ಹುಡುಗಿ ನನ್ನ ಪಕ್ಕ ಕೂತಳು. ಸೀರೆಯ ಅಂಚಿಗೆಲ್ಲ ಮಣ್ಣು. ‘ಆಂಟಿ, ಒಬ್ಬ ಹುಡುಗಿ ಬಸ್‌ಸ್ಟ್ಯಾಂಡಿಗೆ ಬರ್ಲಿಲ್ಲ ಅಂದ್ರೆ ಸತ್ತೇ ಹೋಗಿರ್ಬೇಕಾ? ಸುಮ್ನೆ ಬರ್ಲಿಲ್ಲ ಅಂತ ಇರಕ್ಕಾಗಲ್ವಾ?’ ಎಂದಳು. ನಾನು ಲೋಟ ತೆಗೆದುಕೊಂಡು ಬಂದೆ.

ಮೇಡಂ, ಮತ್ತೆ ಕೇಳುತ್ತಿದ್ದೇನೆ. ಅಂದು ಏನಾಯಿತು?

ಕುಮಾರಿ


ಚಾಮರಾಜನಗರ
31 ಜುಲೈ 2025

ಕುಮಾರಿಯವರಿಗೆ,

ಮಗಳ ವಿಷಯ ಓದಿ ತುಂಬಾ ಹೊತ್ತು ಕಾಗದವನ್ನು ಮಡಿಸಿ ಬಿಚ್ಚಿ ಮಾಡುತ್ತಿದ್ದೆ. ಅದಕ್ಕೆ ನಾನು ಕ್ಷಮೆ ಕೇಳಿದರೆ ನಾಟಕವಾಗುತ್ತದೆ, ಕೇಳದಿದ್ದರೆ ಕಲ್ಲಾಗುತ್ತೇನೆ. ಎರಡರ ಮಧ್ಯೆ ಎಲ್ಲೋ ಇದ್ದೇನೆ ಎಂದು ತಿಳಿಯಿರಿ.

ಸಿನಿಮಾದಲ್ಲಿ ಆ ಹುಡುಗಿಯನ್ನು ಪಾಪದವಳನ್ನಾಗಿ ಮಾಡಿದ್ದಾರೆಯೇ? ಹಾಗಿದ್ದರೆ ಅದು ಸುಳ್ಳು. ಇಬ್ಬರೂ ಒಂದೇ ಬೆಂಕಿಪೆಟ್ಟಿಗೆಯ ಕಡ್ಡಿಗಳು. ನಿಮ್ಮ ಯಜಮಾನರು ನಮ್ಮ ಹಾಸ್ಟೆಲಿನ ಎದುರಿನ ಮೋರಿಕಟ್ಟೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂರುತ್ತಿದ್ದರು. ಎದ್ದು ಹೋಗಿ ಎಂದು ನಾನು ಹೇಳಬೇಕಿತ್ತು. ನಾನು ಕಿಟಕಿಯಿಂದ ನೋಡುತ್ತಿದ್ದೆ, ಮಧ್ಯಾಹ್ನ ಊಟಕ್ಕೆ ಎದ್ದು ಹೋದರೆ ಸಂಜೆ ಜಗಳ ತೆಗೆಯುತ್ತಿದ್ದೆ. ಅವರು ಲೈಬ್ರರಿಯಲ್ಲಿ ಇನ್ನೊಬ್ಬ ಹುಡುಗಿಗೆ ನೋಟ್ಸ್ ಕೊಟ್ಟರೆಂದು ಅವರ ಹಾಲ್‌ಟಿಕೆಟ್ ಹರಿದೆ. ಆ ವರ್ಷ ಅವರು ಪರೀಕ್ಷೆಗೆ ಕೂರಲಿಲ್ಲ. ಅದನ್ನು ಅವರು ತ್ಯಾಗ ಅಂದುಕೊಂಡರು, ನಾನು ಗೆಲುವು ಅಂದುಕೊಂಡೆ. ನಾನು ಎರಡು ದಿನ ಮಾತಾಡಲಿಲ್ಲವೆಂದು ಅವರು ಊದುಬತ್ತಿಯಿಂದ ಕೈ ಸುಟ್ಟುಕೊಂಡು ಬಂದು ತೋರಿಸಿದರು. ನಾನು ಕಡಿಮೆಯವಳಾಗಬಾರದೆಂದು ದೀಪದ ಮೇಲೆ ಅಂಗೈ ಹಿಡಿದೆ. ಎಡಗೈಯಲ್ಲಿ ಈಗಲೂ ಕಾಸಗಲದ ಕಲೆಯಿದೆ. ಮಕ್ಕಳು ಕೇಳಿದರೆ ದೋಸೆ ಹೆಂಚು ಅನ್ನುತ್ತೇನೆ.

ಆಗ ಇದಕ್ಕೆಲ್ಲ ಪ್ರೇಮ ಎಂದು ಹೆಸರಿಟ್ಟಿದ್ದೆವು. ಹೆಸರೇನೋ ಪ್ರೇಮ, ಇಬ್ಬರಿಗೂ ಇರಲಿಲ್ಲ ಕ್ಷೇಮ. ನೋಡಿ, ಇಲ್ಲಿಯೂ ಪ್ರಾಸ ಬಂತು. ಹೇಳಬೇಕಾದ್ದು ಹತ್ತಿರ ಬಂದಾಗಲೆಲ್ಲ ನಾನು ಪ್ರಾಸದ ಹಿಂದೆ ಅಡಗುತ್ತೇನೆ.

ನಮ್ಮಿಬ್ಬರದೂ ಒಂದೇ ಜಾತಿ. ಎರಡು ಮನೆಯಲ್ಲೂ ಹೇಳಿದ್ದರೆ ಒಪ್ಪುತ್ತಿದ್ದರೇನೋ. ಆದರೆ ಒಪ್ಪಿಗೆ ತೆಗೆದುಕೊಂಡು ಪ್ರೀತಿಸುವುದು ನಮಗೆ ಅವಮಾನವಾಗಿ ಕಂಡಿತ್ತು. ಓಡಿಯೇ ಹೋಗಬೇಕು, ಗಡಿ ದಾಟಿಯೇ ಹೋಗಬೇಕು. ಆ ಬತ್ತೇರಿ ಬಸ್ಸು ನಮ್ಮಿಬ್ಬರ ನಿರ್ದೇಶನವೇ.

ಬಸ್ಸಿನ ದಿನದ ವಿಷಯ ಬರೆಯಲು ಕೂತೆ. ಬೇಡ ಅನಿಸಿತು. ಅದು ತೀರಾ ಸಣ್ಣದು. ಕೇಳಿದರೆ ಇಷ್ಟಕ್ಕಾಗಿ ಇಷ್ಟು ವರ್ಷವೇ ಎಂದು ನಿಮಗೇ ಬೇಸರವಾಗುತ್ತದೆ.

ಭಾಗ್ಯ


ಗುಂಡ್ಲುಪೇಟೆ
9 ಆಗಸ್ಟ್ 2025

ಮೇಡಂ,

ಹೂವು ಬಂದಿದೆ. ಹೊಲ ಪೂರ್ತಿ ಹಳದಿ. ಊಟಿಗೆ ಹೋಗುವವರು ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಇಳಿದುಬಂದು ಫೋಟೊ ತೆಗೆದುಕೊಳ್ಳುತ್ತಿದ್ದಾರೆ. ನಾನು ಅದು ಬಾಡಲು ಎಷ್ಟು ದಿನ ಉಳಿದಿದೆ ಎಂದು ಎಣಿಸುತ್ತಿದ್ದೇನೆ.

ಕೀಳುವ ಹೆಂಗಸರು ಮಂಗಳವಾರ ಬಂದರು. ಇವರು ಬದುವಿನಲ್ಲೇ ತಡೆದು ವಾಪಸ್ಸು ಕಳಿಸಿದರು. ‘ಒಂದ್ ಹೂವ್ ಕಿತ್ರೂ ಕಂಟಿನ್ಯೂಟಿ ಹೊಂಟೋಯ್ತದೆ’ ಎಂದರು. ಕಂಟಿನ್ಯೂಟಿ ಎಂದರೇನೆಂದು ಶಂಕರನನ್ನು ಕೇಳಿದೆ. ಮುಂಚೆ ಏನು ಹೇಗಿತ್ತೋ ಅದು ಹಾಗೇ ಇರಬೇಕು ದೊಡ್ಡಮ್ಮ ಎಂದ. ಮದುವೆಯಾದ ದಿನದಿಂದ ನನ್ನ ಮನೆಯಲ್ಲಿ ನಾನು ನೋಡುತ್ತಿರುವುದು ಅದನ್ನೇ. ಈಗ ಅದಕ್ಕೊಂದು ಹೆಸರು ಸಿಕ್ಕಿತು.

ಹೂವು ಒಯ್ಯುವ ಫಹೀಮ್ ಭಾಯ್ ಬಂದು ನೋಡಿದರು. ಪ್ರತಿ ವರ್ಷ ಕಲ್ಲಿಕೋಟೆಗೆ ನಮ್ಮ ಹೂವು ಅವರ ಲಾರಿಯಲ್ಲೇ ಹೋಗುತ್ತದೆ. ಒಂದು ಹೂವು ಹಿಡಿದು ತಿರುಗಿಸಿ, ಹಿಂದಿನ ಎಸಳನ್ನು ಉಗುರಿನಿಂದ ಒತ್ತಿ, ‘ಅಕ್ಕಾ, ಇದು ಕಿತ್ತಷ್ಟೂ ಕೊಡೋ ಗಿಡ. ಕೀಳ್ದೆ ಬಿಟ್ರೆ ತನ್ನ ಕೆಲ್ಸ ಮುಗೀತು ಅಂದ್ಕೊಂಡು ಒಣಗ್ತದೆ. ಅತ್ತಂ ಅಂದ್ರೆ ಓಣಂ ಶುರುವಾಗೋ ದಿನ, ಅವತ್ತಿಂದ ದಿನಾ ಮನೆಮುಂದೆ ಹೂವಿನ ರಂಗೋಲಿ ಹಾಕ್ತಾರೆ ಅಲ್ಲಿ. ಅದಕ್ ಮುಂಚೆ ನನ್ ಲಾರಿ ಹೊರಡ್ಬೇಕು. ಸಾಹೇಬ್ರಿಗೆ ಹೇಳಿ’ ಎಂದರು. ಸಾಹೇಬರು ಅಲ್ಲೇ ಇದ್ದರು. ಕಿವಿ ಮಾತ್ರ ಅಲ್ಲಿರಲಿಲ್ಲ.

ಇವರು ಹೊಲದ ನಡುವೆ ಮಂಚ ಹಾಕಿಸಿಕೊಂಡಿದ್ದಾರೆ. ಮೇಲೆ ಒಂದು ದೊಡ್ಡ ಛತ್ರಿ. ಅಲ್ಲೇ ಕೂತು ಬರೆಯುತ್ತಾರೆ, ಅಲ್ಲೇ ಕಾಯುತ್ತಾರೆ. ನಾಯಿ ನುಗ್ಗಿದರೂ ಎದ್ದು ನಿಲ್ಲುತ್ತಾರೆ. ಕಣ್ಣು ಕೆಂಪಗಾಗಿದೆ. ಮಂಡಿಯ ಬಾಗಿಲು ಹೋದ ವಾರದಿಂದ ತೆಗೆದಿಲ್ಲ.

ನಾನು ಒಂದು ತೀರ್ಮಾನ ಮಾಡಿದ್ದೇನೆ. ಈ ಹೂವು ಗಿಡದಲ್ಲೇ ಕಪ್ಪಾದರೆ ಮಗಳನ್ನು ಕರೆದುಕೊಂಡು ಹರವೆಗೆ, ಅಕ್ಕನ ಮನೆಗೆ ಹೋಗುತ್ತೇನೆ. ಇದು ಬೆದರಿಕೆಯಲ್ಲ, ನಿಮಗೆ ಯಾಕೆ ಬೆದರಿಕೆ. ಯಾರಿಗಾದರೂ ಹೇಳಬೇಕಿತ್ತು, ಹೇಳಿದೆ.

ಸಣ್ಣದಾದರೂ ಹೇಳಿ. ದೊಡ್ಡದನ್ನು ಕೇಳಿ ಕೇಳಿ ಸಾಕಾಗಿದೆ.

ಕುಮಾರಿ


ಚಾಮರಾಜನಗರ
15 ಆಗಸ್ಟ್ 2025

ಕುಮಾರಿಗೆ,

ಬೆಳಿಗ್ಗೆ ಧ್ವಜ ಹಾರಿಸಿ, ಮಕ್ಕಳಿಗೆ ಮಿಠಾಯಿ ಹಂಚಿ ಬಂದು ಇದನ್ನು ಬರೆಯುತ್ತಿದ್ದೇನೆ. ಈ ಸಲ ಪ್ರಾಸವಿಲ್ಲದೆ ಪ್ರಯತ್ನಿಸುತ್ತೇನೆ.

ಬಸ್ಸು ಹತ್ತಬೇಕಿದ್ದ ಹಿಂದಿನ ದಿನ ಉಡಿಗಾಲಕ್ಕೆ, ಸೋದರತ್ತೆಯ ಮನೆಗೆ ಹೋದೆ. ಚಾಮರಾಜನಗರದಿಂದ ಬ್ಯಾಗು ಹಿಡಿದು ಹೊರಟರೆ ನೋಡಿದವರು ಕೇಳುತ್ತಾರೆ, ಉಡಿಗಾಲದಿಂದಾದರೆ ಯಾರೂ ಕೇಳುವುದಿಲ್ಲ ಎಂಬುದು ನಮ್ಮ ಲೆಕ್ಕ. ಬೆಳಿಗ್ಗೆ ಎದ್ದೆ, ಸ್ನಾನ ಮಾಡಿದೆ, ಒಳ್ಳೆಯ ಸೀರೆ ಉಟ್ಟೆ. ಅತ್ತೆ ಹೊಲಕ್ಕೆ ಹೋದರು. ಗುಂಡ್ಲುಪೇಟೆಯ ಬಸ್ಸಿಗೆ ಇನ್ನೂ ಸಮಯವಿತ್ತು. ನಡುಮನೆಯಲ್ಲಿ ಜೋಳದ ಮೂಟೆಗಳನ್ನು ಪೇರಿಸಿದ್ದರು. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಮೂಟೆಗೆ ಒರಗಿ ಕೂತೆ. ಮೂಟೆ ತಣ್ಣಗಿತ್ತು.

ನಿದ್ದೆ ಬಂತು.

ಅಷ್ಟೇ, ಕುಮಾರಿ. ನಿದ್ದೆ ಬಂತು, ಮಲಗಿಬಿಟ್ಟೆ. ಕಣ್ಣು ಬಿಟ್ಟಾಗ ಅತ್ತೆ ದೀಪ ಹಚ್ಚುತ್ತಿದ್ದರು. ನನ್ನ ಮೇಲೆ ಕಂಬಳಿ ಹೊದಿಸಿದ್ದರು, ಬ್ಯಾಗನ್ನು ತೆಗೆದು ಗೂಟಕ್ಕೆ ನೇತುಹಾಕಿದ್ದರು. ‘ಏನಮ್ಮಿ, ಈಪಾಟಿ ನಿದ್ದೆ. ಎಷ್ಟ್ ದಿನದ್ದು ಸಾಲ ಇಟ್ಕೊಂಡಿದ್ದೆ?’ ಎಂದರು. ಎದ್ದು ಮುಖ ತೊಳೆದೆ. ಮುದ್ದೆ, ಉಪ್ಪೆಸರು ಬಡಿಸಿದರು. ಎರಡು ಮುದ್ದೆ ಉಂಡೆ. ಅವರು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತಾರೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎರಡನೆಯ ಮುದ್ದೆ ಹಾಕಿಸಿಕೊಂಡೆ. ಆಗಲೇ ನನಗೆ ಅರ್ಥವಾದದ್ದು, ಅವರನ್ನು ಕಂಡ ಮೇಲೆ ಆ ಎರಡು ವರ್ಷದಲ್ಲಿ ನಾನು ಒಂದು ದಿನವೂ ಸರಿಯಾಗಿ ಮಲಗಿರಲಿಲ್ಲ ಎಂದು. ಮತ್ತೆ ಆ ಎಚ್ಚರಕ್ಕೆ ಹೋಗಲು ನನ್ನಿಂದ ಆಗಲಿಲ್ಲ.

ನಿಮಗೆ ಹೇಳಬೇಕಾದ ಮುಖ್ಯ ವಿಷಯ ಇದಲ್ಲ. ಮಾರನೆಯ ದಿನ ಅವರು ಉಡಿಗಾಲಕ್ಕೇ ಬಂದರು. ಬಾವಿಯ ಹತ್ತಿರ ನಿಂತು ಕೇಳಿದರು. ನಾನು ಇದನ್ನೇ ಹೇಳಿದೆ. ನಿದ್ದೆ ಬಂತು, ಇನ್ನು ನನ್ನ ಕೈಲಾಗುವುದಿಲ್ಲ ಎಂದೆ. ಅವರು ನಕ್ಕರು. ಆಮೇಲೆ, ‘ಯಾರ್ ಹೆದರ್ಸಿದ್ದು ಹೇಳು’ ಎಂದರು. ಯಾರೂ ಇಲ್ಲ ಎಂದೆ. ‘ಹೇಳು’ ಎಂದರು. ಸಂಜೆಯವರೆಗೆ ಅದೊಂದನ್ನೇ ಕೇಳಿ ಹೊರಟುಹೋದರು.

ಅಂದರೆ ಅವರಿಗೆ ಗೊತ್ತು. ಆ ಅಂತ್ಯವನ್ನು ನಾನು ಅವರ ಕೈಗೆ ಆವತ್ತೇ ಕೊಟ್ಟಿದ್ದೇನೆ. ಅವರಿಗೆ ಅದು ಬೇಡ. ವಿಷ ಬೇಕು, ಕೆರೆ ಬೇಕು. ನಿದ್ದೆಗೆ ಸೋತ ಪ್ರೀತಿಯನ್ನು ಯಾರಿಗೆ ತೋರಿಸುವುದು. ಆದ್ದರಿಂದ ನನ್ನ ಉತ್ತರಕ್ಕಾಗಿ ನೀವು ಹೂವು ಇಟ್ಟುಕೊಂಡು ಕಾಯಬೇಡಿ. ನಾನು ಹೇಳಿದರೆ ಮುಗಿಯುವುದಾಗಿದ್ದರೆ ನಿಮ್ಮ ಮದುವೆಗೆ ಮುಂಚೆಯೇ ಮುಗಿಯಬೇಕಿತ್ತು.

ನನ್ನ ಗಂಡ ಗಂಗಾಧರಸ್ವಾಮಿಗೆ ಮದುವೆಗೆ ಮೊದಲೇ ಇದೆಲ್ಲ ಹೇಳಿದ್ದೆ. ಅವರು ಪೂರ್ತಿ ಕೇಳಿ, ‘ಈಗ ನಿದ್ದೆ ಬರ್ತದಾ?’ ಎಂದರು. ಬರುತ್ತದೆ ಎಂದೆ. ‘ಸರಿ ಬುಡಿ’ ಎಂದರು. ಅವರ ಗೊರಕೆಯಲ್ಲೂ ನನಗೆ ನಿದ್ದೆ ಬರುತ್ತದೆ.

ನಿಮ್ಮ
ಭಾಗ್ಯ


ಗುಂಡ್ಲುಪೇಟೆ
28 ಆಗಸ್ಟ್ 2025

ಭಾಗ್ಯಕ್ಕ,

ಮೇಡಂ ಎಂದು ಬರೆಯಲು ಕೈ ಬರಲಿಲ್ಲ.

ನಿಮ್ಮ ಕಾಗದ ಬಂದ ಮೇಲೆ ಎರಡು ದಿನ ಸುಮ್ಮನಿದ್ದೆ. ಶನಿವಾರ ಮಧ್ಯಾಹ್ನ ಇವರು ಊಟಕ್ಕೆ ಬಂದಾಗ ಹೇಳಿದೆ. ಉಪ್ಪಿನಕಾಯಿ ಬಡಿಸುತ್ತಾ ಹೇಳಿದೆ, ಎದುರಿಗೆ ಕೂತು ಹೇಳುವ ಧೈರ್ಯವಿರಲಿಲ್ಲ.

‘ಆ ಹುಡುಗಿ ಸಾಯ್ನಿಲ್ಲ. ನಿದ್ದೆ ಮಾಡ್ಬುಟ್ಳು. ಅದುಕ್ಕೇ ಬರ್ನಿಲ್ಲ.’

ಇವರ ಕೈ ನಿಂತಿತು. ‘ಯಾರ್ ಏಳುದ್ರು?’

‘ಅವ್ರೇ.’

‘ಎಲ್ಲವ್ಳೆ?’

‘ಗೊತ್ತಿಲ್ಲ.’

ಬೈಯುತ್ತಾರೆ, ತಟ್ಟೆ ಎಸೆಯುತ್ತಾರೆ ಅಂದುಕೊಂಡೆ. ಅನ್ನ ಕಲಸುತ್ತಾ ಕೂತರು. ಆಮೇಲೆ, ‘ಆವತ್ತೂ ಇದ್ನೇ ಏಳಿದ್ಲು. ನಿದ್ದೆ ಮಾಡೋಳ ಕತೆನ ಯಾರ್ ಕಾಸ್ ಕೊಟ್ಟು ನೋಡ್ತಾರೆ ಕಣಮ್ಮಿ’ ಎಂದು ಎದ್ದು ಹೊಲಕ್ಕೆ ಹೋದರು. ಮತ್ತೆ ನಿಮ್ಮ ಊರು ಕೇಳಲಿಲ್ಲ. ಕೇಳಿದರೂ ಹೇಳುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೊಲಕ್ಕೆ ಹೋದೆ. ಬಿಸಿಲು ಆಗಲೇ ಏರಿತ್ತು. ಇವರು ಮಂಚದ ಮೇಲೆ ಮಲಗಿದ್ದರು. ಬಾಯಿ ತೆರೆದು, ಒಂದು ಕೈ ಕೆಳಗೆ ಬಿದ್ದು, ಬೆರಳಿಗೆ ಹೂವು ತಾಗುತ್ತಿತ್ತು. ನನ್ನ ಸಂಸಾರದಲ್ಲಿ ಇವರು ಹೀಗೆ ಮಲಗಿದ್ದನ್ನು ನಾನು ನೋಡಿಲ್ಲ. ಮನೆಯಲ್ಲಾದರೆ ಪಾತ್ರೆ ಸದ್ದಾದರೂ ಏಳುತ್ತಾರೆ, ಯಾರೋ ಬರುವುದಿದೆ ಎನ್ನುವ ಹಾಗೆ. ಕಾಫಿ ಹಿಡಿದುಕೊಂಡು ನಿಂತೆ. ಎಬ್ಬಿಸಬೇಕು ಅನಿಸಲಿಲ್ಲ.

ಲೋಟವನ್ನು ಮಂಚದ ಕಾಲ ಹತ್ತಿರ ಇಟ್ಟು ಹೋಗಿ ಹೆಂಗಸರನ್ನು ಕರೆದೆ. ಫಹೀಮ್ ಭಾಯ್‌ಗೂ ಫೋನ್ ಮಾಡಿದೆ.

ಮಾತಾಡದೆ ಕೀಳಿ ಎಂದು ಹೇಳಿದ್ದೆ. ಹೆಂಗಸರು ಹೂವು ಕೀಳುವಾಗ ಮಾತಾಡದೆ ಇದ್ದದ್ದು ಅದೇ ಮೊದಲು. ಸೊಂಟಕ್ಕೆ ಮಡಿಲು ಕಟ್ಟಿಕೊಂಡು ಸಾಲು ಹಿಡಿದರು. ಪಟ್ ಪಟ್ ಎನ್ನುವ ಸದ್ದು ಬಿಟ್ಟರೆ ಬೇರೇನಿಲ್ಲ. ಹಳದಿ ಒಂದು ಕಡೆಯಿಂದ ಕರಗುತ್ತಾ ಬಂತು. ಪುಟ್ಟಬಸಪ್ಪಣ್ಣ ತಾವೂ ಒಂದು ಚೀಲ ಹಿಡಿದು ಬಂದು ನನ್ನ ಕಿವಿಯಲ್ಲಿ, ‘ಮಂಚದ್ ಸುತ್ತ ಬುಟ್ಬುಡನಾ ಅಥ್ವಾ ಅದ್ನೂ ಕಿತ್ಬುಡನಾ?’ ಎಂದರು. ಅದನ್ನೂ ಕೀಳಿ ಎಂದೆ. ಮಂಚದ ಸುತ್ತ ನಾನೇ ಕಿತ್ತೆ. ಬೆರಳಿಗೆ ತಾಗುತ್ತಿದ್ದ ಹೂವನ್ನೂ ಕಿತ್ತೆ.

ಶಂಕರ್ ಕ್ಯಾಮೆರಾ ಹೊತ್ತುಕೊಂಡು ಬಂದ, ಅವತ್ತು ಶೂಟಿಂಗ್ ಇತ್ತು. ಬದುವಿನಲ್ಲಿ ನಿಂತು ಹೊಲವನ್ನು ನೋಡಿದ, ಮಲಗಿದ್ದ ದೊಡ್ಡಪ್ಪನನ್ನು ನೋಡಿದ. ‘ದೊಡ್ಡಮ್ಮ, ತೆಗೀಲಾ?’ ಎಂದ. ಬೇಡಪ್ಪ, ಬಾ, ಆ ಕೊನೇ ಸಾಲು ಹಿಡಿ ಎಂದೆ. ಕ್ಯಾಮೆರಾವನ್ನು ಚೀಲದ ಮೇಲಿಟ್ಟು ಬಂದು ಕಿತ್ತ. ಮೈಸೂರಿನ ಹುಡುಗಿಯೂ ಬಂದಳು. ಮದುವೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಕಿತ್ತಳು, ಕೆಲಸ ಗೊತ್ತಿದ್ದವಳಂತೆ.

ಇವರು ಎಚ್ಚರವಾದದ್ದು ಫಹೀಮ್ ಭಾಯ್ ಲಾರಿಯ ಹಿಂಬಾಗಿಲು ಹಾಕಿದ ಸದ್ದಿಗೆ. ಎದ್ದು ಕೂತರು. ಸುತ್ತ ಹಸಿರು. ಒಂದು ಕಡೆ ನೋಡಿದರು, ಇನ್ನೊಂದು ಕಡೆ ನೋಡಿದರು, ಬೇರೆ ಯಾರದೋ ಹೊಲಕ್ಕೆ ಬಂದವರ ಹಾಗೆ. ನಾನು ಎದುರಿಗೇ ನಿಂತಿದ್ದೆ. ಓಡಿಹೋಗಬಾರದು ಅಂದುಕೊಂಡಿದ್ದೆ.

‘ಯಾಕ್ ಎಬ್ಬುಸ್ನಿಲ್ಲ?’

‘ಮಲ್ಗಿದ್ರಲ್ಲ.’

ಪುಟ್ಟಬಸಪ್ಪಣ್ಣ ಬಾಯಿ ಹಾಕಿದರು. ‘ಸಾಮಿ, ಅರ್ಧ ಊರು ನಿಮ್ ಮಂಚ ಸುತ್ಗಂಡು ಓಗದೆ. ಏಳಂಗಿದ್ರೆ ಏಳ್ತಿದ್ರಿ.’

ಇವರು ಮಂಚದ ಕೆಳಗೆ ಕೈಹಾಕಿ ಲೋಟ ತೆಗೆದುಕೊಂಡರು. ಕಾಫಿ ಕೆನೆಗಟ್ಟಿ ತಣ್ಣಗಾಗಿತ್ತು. ಅದನ್ನೇ ಕುಡಿದರು.

ಲಾರಿ ಹೋಯಿತು. ನಿನ್ನೆ ಗಣಪತಿ ಹಬ್ಬ ಮಾಡಿದೆವು. ಇವರು ಇನ್ನೂ ಮಾತಾಡಿಲ್ಲ. ಹರವೆಗೆ ಹೋಗಲು ಕಟ್ಟಿದ್ದ ಗಂಟು ಬೀರುವಿನ ಮೇಲಿದೆ. ಇಳಿಸಿಲ್ಲ, ಬಿಚ್ಚಿಯೂ ಇಲ್ಲ.

ನಿಮ್ಮ ತಂಗಿಯಂಥ
ಕುಮಾರಿ


ಚಾಮರಾಜನಗರ
7 ಸೆಪ್ಟೆಂಬರ್ 2025

ಕುಮಾರಿಗೆ,

ನಿನ್ನ ಕಾಗದಕ್ಕೆ ಒಂದು ಪ್ರಾಸ ಹುಡುಕಿದೆ. ಸಿಗಲಿಲ್ಲ. ಕಾಯಿಲೆ ವಾಸಿಯಾಗುತ್ತಿದೆಯೋ ಏನೋ, ಹೆದರಿಕೆಯಾಗುತ್ತಿದೆ.

ಮೊನ್ನೆ ಶಿಕ್ಷಕರ ದಿನ. ಮಕ್ಕಳು ಹೂವಿನ ಹಾರ ತಂದಿದ್ದರು, ಚೆಂಡುಹೂವು. ಎಲ್ಲಿಯದು ಎಂದು ಕೇಳಲು ಹೋಗಿ ಬಿಟ್ಟೆ. ಆ ದಿನವೇ ಓಣಂ ಎಂದು ಆಮೇಲೆ ನೆನಪಾಯಿತು. ನಿನ್ನ ಹೂವು ಅಷ್ಟು ಹೊತ್ತಿಗೆ ಯಾರದೋ ಅಂಗಳದಲ್ಲಿ ವೃತ್ತವಾಗಿ ಕೂತು ಬಾಡಿರಬೇಕು. ಅದಕ್ಕಾದರೂ ಬಸ್ಸು ಸಿಕ್ಕಿತು, ಗಡಿ ದಾಟಿತು. ಒಳ್ಳೆಯದಾಯಿತು.

ಹೆಸರಿನ ವಿಷಯ ನಾನು ಮತ್ತೆ ಕೇಳುವುದಿಲ್ಲ. ಸಿನಿಮಾ ಬಂದರೆ ಬರಲಿ, ಹುಡುಗರು ನಕ್ಕರೆ ನಗಲಿ. ಗಂಟು ಬಿಚ್ಚಿದೆಯಾ ಎಂಬುದನ್ನು ಮಾತ್ರ ತಿಳಿಸು. ಬಿಚ್ಚಿದರೂ ಸರಿ, ಎತ್ತಿಕೊಂಡು ಹೊರಟರೂ ಸರಿ. ಹರವೆಯಿಂದ ನಮ್ಮ ಮನೆ ದೂರವಿಲ್ಲ.

ಅಕ್ಕ,
ಭಾಗ್ಯ


ಗುಂಡ್ಲುಪೇಟೆ
21 ಸೆಪ್ಟೆಂಬರ್ 2025

ಭಾಗ್ಯಕ್ಕ,

ಸೋಮವಾರದಿಂದ ಇವರು ಮಂಡಿಯ ಬಾಗಿಲು ತೆಗೆದಿದ್ದಾರೆ. ಮಾತು ಕಡಿಮೆ. ಮಧ್ಯಾಹ್ನ ಮನೆಗೆ ಬಂದು ಉಂಡು, ನಡುಮನೆಯಲ್ಲಿ ಚಾಪೆ ಹಾಕಿ ಮಲಗುತ್ತಾರೆ. ಪಾತ್ರೆ ತೊಳೆದರೂ ಏಳುವುದಿಲ್ಲ.

ಶಂಕರನಿಗೆ ಮದುವೆಗಳು ಶುರುವಾಗುತ್ತವೆ. ಸಿನಿಮಾ ಏನು ಮಾಡಲಿ ದೊಡ್ಡಪ್ಪ ಎಂದು ಕೇಳಿದ. ‘ಇರ್ಲಿ, ಒಂದ್ ಕಡೆ ಮಡುಗು’ ಎಂದರು. ಮುಗಿಯಿತು ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಮಗಳನ್ನು ಇನ್ನು ಮೇಲೆ ಸಿರಿ ಎಂದು ಕರೆಯೋಣ ಅಂದುಕೊಂಡು ಒಂದು ದಿನ ಕರೆದೆ. ‘ಯಾಕವ್ವಾ ಹೊಸ ಹೆಸ್ರು?’ ಎಂದಳು. ಅವಳಿಗೆ ಎಲ್ಲ ಗೊತ್ತಿದೆ, ಒಂದೇ ಮನೆಯಲ್ಲಿ ಕಥೆ ಜೋರಾಗಿ ಓದಿದರೆ ಗೊತ್ತಾಗದೆ ಇರುತ್ತದೆಯೇ. ‘ಅದು ನನ್ನೆಸ್ರು ಕಣವ್ವಾ. ನೀನು ಕರ್ದು ಕರ್ದು ನಂದಾಗದೆ’ ಎಂದಳು. ಮತ್ತೆ ಹಳೆಯದನ್ನೇ ಕರೆಯುತ್ತಿದ್ದೇನೆ.

ಮೊನ್ನೆ ಇವರು ಮಲಗಿ ಎದ್ದವರು ಕಾಫಿ ಕುಡಿಯುತ್ತಾ ಹೊಲದ ಕಡೆ ನೋಡುತ್ತಿದ್ದರು. ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದೆ.

‘ಆವತ್ತು ನಿಜ್ವಾಗ್ಲೂ ನಿದ್ದೆ ಮಾಡ್ಬುಟ್ಟಿದ್ಲಾ?’ ಎಂದರು.

‘ಊಂ.’

ಉಳಿದ ಕಾಫಿ ಕುಡಿದು ಮುಗಿಸಿದರು. ಲೋಟವನ್ನು ಕೆಳಗಿಟ್ಟು, ‘ಸುಸ್ತಾಗಿತ್ತೇನೋ’ ಎಂದರು.

ಅವತ್ತು ಸಂಜೆ ಗಂಟು ಇಳಿಸಿ ಬಿಚ್ಚಿದೆ.

ಎರಡನೇ ಸುತ್ತಿನ ಮೊಗ್ಗು ಬಂದಿದೆ, ಆಯುಧಪೂಜೆಗೆ ಹೂವಾಗುತ್ತದೆ. ಫಹೀಮ್ ಭಾಯ್ ನಿನ್ನೆ ಬಂದು ನೋಡಿ ಹೋದರು. ಹುಡುಗಿ ಸಾಯಲು ಓಡಿಬರುತ್ತಿದ್ದ ಸಾಲು ಮಾತ್ರ ಏಳಲಿಲ್ಲ. ಅಲ್ಲಿ ಹುರುಳಿ ಚೆಲ್ಲಿದ್ದೇನೆ.

ಕುಮಾರಿ